ಲೋನಪ್ಪನ್ ಮುಖದ ಕ್ಯಾಸೆಟ್ಟು

ಬಾಗ್ಲು ಮುಂದೆ ಮಾಡಿ ಕೂತ್ಕೊಳ್ಳಿ. ಚಿಲಕ ಬೇಡ, ಸೆಕೆ. ಕರೆಂಟು ಬರೋದ್ರೊಳಗೆ ಹೇಳಿ ಮುಗಿಸ್ತೀನಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಪಕ್ಕದ ಮನೆ ತ್ರೇಸ್ಯಾಗೆ ಆಗಿದ್ದು. ನಾನು ಅವಳ ಮಗ್ಗುಲಲ್ಲೇ ಇದ್ದೆ.

ರಾತ್ರಿ ಹತ್ತೂವರೆ. ತ್ರೇಸ್ಯಾನೂ ನಾನೂ ಇಗರ್ಜಿ ಹಿಂದಿನ ಓಣೀಲಿ ಹೋಗ್ತಿದ್ವಿ. ಅವಳ ಕಂಕುಳಲ್ಲಿ ಒಂದು ವಿಡಿಯೋ ಕ್ಯಾಸೆಟ್ಟು. ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಅದರ ಮೇಲೆ ಟವಲು ಸುತ್ತಿ, ಹಸುಗೂಸು ಎತ್ಕೊಂಡಂಗೆ ಎತ್ಕೊಂಡಿದ್ಲು. ನನ್ನ ಕೈಲಿ ಟಾರ್ಚು. ಸೆಲ್ಲು ಸಾಯ್ತಾ ಇತ್ತು, ನಮ್ಮ ಕಾಲು ನಮಗೇ ಕಾಣ್ತಿರ್ಲಿಲ್ಲ.

ಆ ಓಣೀಲಿ ಇಗರ್ಜಿ ಬಾವಿ ಇದೆ. ಹಗಲು ಹೊತ್ತು ಹೆಂಗಸರು ನೀರಿಗಿಂತ ಜಾಸ್ತಿ ಮಾತು ಸೇದೋ ಜಾಗ. ರಾಟೆ ಕಬ್ಬಿಣದ್ದು, ಚೂರು ಗಾಳಿ ಬಂದ್ರೂ ಕಿರ್ರ್ ಅನ್ನುತ್ತೆ. ಅವತ್ತು ಗಾಳಿ ಇರ್ಲಿಲ್ಲ. ರಾಟೆ ಸುಮ್ನಿತ್ತು.

ಬಾವಿ ದಾಟಿ ನಾಕು ಹೆಜ್ಜೆ ಇಟ್ಟಿಲ್ಲ... ಹಿಂದಿನಿಂದ ಕೇಳ್ತು.

"ಖ್ಹಂ."

ಗಂಟಲು ಸರಿ ಮಾಡ್ಕೊಳ್ಳೋ ಸದ್ದು. ಒಂದೇ ಸಲ.

ತ್ರೇಸ್ಯಾ ನಿಂತ್ಬಿಟ್ಲು. ನಾನೂ ನಿಂತೆ. ಆ ಸದ್ದು ನಮ್ಮ ಬೀದೀಲಿ ಗೊತ್ತಿಲ್ದೋರು ಯಾರಿದಾರೆ? ಅವಳ ಗಂಡ ಲೋನಪ್ಪನ್ ಮೂವತ್ತು ವರ್ಷ ಹಂಚಿನ ಫ್ಯಾಕ್ಟರೀಲಿ ಧೂಳು ಕುಡಿದೋನು. ಸಾಯಂಕಾಲ ಮನೆ ತಿರುವಿಗೆ ಬಂದ್ರೆ ಎರಡು ಸಲ ಗಂಟಲು ಸರಿ ಮಾಡ್ತಿದ್ದ. ಒಂದು ಸಲ "ಖ್ಹಂ." ಒಂದು ಉಸಿರು ಬಿಟ್ಟು ಮತ್ತೆ "ಖ್ಹಂ." ಆ ಎರಡನೇದು ಕೇಳಿದ್ಮೇಲೇ ತ್ರೇಸ್ಯಾ ತಟ್ಟೆ ಹಾಕ್ತಿದ್ಲು.

ಲೋನಪ್ಪನ್ ಸತ್ತು ಐದು ವರ್ಷ ಆಗಿತ್ತು.

ನಾವು ಎರಡನೇದಕ್ಕೆ ಕಾದ್ವಿ... ಬರ್ಲಿಲ್ಲ.

"ಮಾತಿರಿ," ಅಂತ ನನ್ನ ಹೆಸರು ಹಿಡಿದು ಪಿಸುಗುಟ್ಟಿದ್ಲು. "ಕೇಳಿಸ್ತಾ?"

"ಏನೂ ಕೇಳಿಸ್ಲಿಲ್ಲ. ನಡಿ."

"ಸುಳ್ಳು ಹೇಳ್ಬೇಡ. ನೀನೂ ನಿಂತ್ಯಲ್ಲ."

"ಸೆಲ್ಲು ಸಾಯ್ತಿದೆ ಅಂತ ನಿಂತೆ. ನಡಿ ಅಂದ್ನಲ್ಲ."

ಆ ಹೊತ್ನಲ್ಲಿ ಕ್ಯಾಸೆಟ್ಟು ಹೊತ್ಕೊಂಡು ಎಲ್ಲಿಗೆ ಹೊರಟಿದ್ವಿ ಅಂತ ಹೇಳ್ತೀನಿ. ಅದು ಲೋನಪ್ಪನ್ನ ಮಣ್ಣು ಮಾಡಿದ ದಿನದ ಕ್ಯಾಸೆಟ್ಟು. ನಮ್ಮಲ್ಲಿ ಮದುವೆಗೆ ವಿಡಿಯೋ ತೆಗೆಸದೇ ಇದ್ರೂ ಸಾವಿಗೆ ತೆಗೆಸ್ತಾರೆ. ಮನೆಗೆ ಇಬ್ರು ಗಲ್ಫಲ್ಲಿ ಇರ್ತಾರೆ, ರಜಾ ಸಿಗಲ್ಲ, ನೋಡಿಯಾದ್ರೂ ಅಳಲಿ ಅಂತ. ಅದ್ರಲ್ಲಿ ಮುಖ್ಯ ಕೊನೇ ಮುತ್ತು. ಪೆಟ್ಟಿಗೆ ಮುಚ್ಚೋ ಮುಂಚೆ ಮಕ್ಕಳು ಸಾಲಾಗಿ ಬಂದು ಹಣೆಗೆ ಮುತ್ತು ಕೊಡ್ಬೇಕು. ಎಲ್ರದ್ದೂ ಆದ್ಮೇಲೆ ಇಗರ್ಜಿ ಗಂಟೆ ಹೊಡೆಯೋ ಪೈಲಿ ಬಿಳೀ ಬಟ್ಟೆ ತಂದು ಮುಖ ಮುಚ್ತಾನೆ. ಮುಚ್ಚಿದ್ರೆ ಮುಗೀತು. ಆಮೇಲೆ ಯಾವ ದೊರೆ ಮಗ ಬಂದ್ರೂ ತೆಗೆಯಲ್ಲ.

ಲೋನಪ್ಪನ್‌ಗೆ ಇಬ್ರು ಮಕ್ಕಳು. ಮಗಳು ಜಾನ್ಸಿ ಮುತ್ತು ಕೊಟ್ಲು, ತನ್ನ ಮುಖದ ಪೌಡರೆಲ್ಲ ಅಪ್ಪನ ಹಣೆಗೆ ಮೆತ್ತಿದ್ಲು. ಸಾವಿಗೆ ಬರೋವಾಗ್ಲೂ ಪೌಡರು ಬೇಕು ಅವಳಿಗೆ. ಮಗ ಇನಾಸು ಬರ್ಲಿಲ್ಲ. ಎಲ್ಲಿದಾನೆ ಅಂತಾನೇ ಯಾರಿಗೂ ಗೊತ್ತಿರ್ಲಿಲ್ಲ. ಅಪ್ಪ ಅವನ್ನ ಪಾದ್ರಿ ಆಗೋಕೆ ಕಳಿಸಿದ್ದ. ಮೂರನೇ ವರ್ಷ ಹುಡುಗ ಗೋಡೆ ಹಾರಿ ಓಡಿ ಬಂದ. ಲೋನಪ್ಪನ್ ಅವನ್ನ ಹೊಸ್ತಿಲ ಹೊರಗೇ ನಿಲ್ಸಿ, "ಇನ್ನು ನೀನು ನನ್ನ ಮುಖ ನೋಡ್ಬೇಡ" ಅಂದ. ಸಿಟ್ಟಿಗೆ ಅಂದ ಮಾತು. ಹುಡುಗ ಅದನ್ನೇ ಗಂಟು ಕಟ್ಕೊಂಡು ಹೋದ. ಕಾಗದ ಇಲ್ಲ, ಸುದ್ದಿ ಇಲ್ಲ.

ಹಾಸಿಗೆ ಹಿಡಿದ್ಮೇಲೆ ಲೋನಪ್ಪನ್ ದಿನಕ್ಕೆ ಹತ್ತು ಸಲ ಕೇಳ್ತಿದ್ದ, "ಇನಾಸು ಬಂದ್ನಾ?" ತ್ರೇಸ್ಯಾ "ಬರ್ತಾನೆ, ಬರ್ತಾನೆ" ಅಂತಿದ್ಲು. ಒಂದು ದಿನ ಕೇಳೋದು ನಿಲ್ಲಿಸ್ದ. ಮಾರನೇ ದಿನ ಉಸಿರು ನಿಲ್ಲಿಸ್ದ.

ಐದು ವರ್ಷ ಆದ್ಮೇಲೆ ಶಾರ್ಜಾದಿಂದ ಕಾಗದ ಬಂತು. ಇನಾಸುದು. ಹಡಗು ರಿಪೇರಿ ಮಾಡೋ ಕಡೆ ಕೆಲಸವಂತೆ. ತ್ರೇಸ್ಯಾಗೆ ಓದೋಕೆ ಬರಲ್ಲ, ನಾನು ಕೂಡಿಸಿ ಕೂಡಿಸಿ ಓದಿದೆ. "ಅಮ್ಮಾ, ಅಪ್ಪನ ವಿಷಯ ಈಗ ಗೊತ್ತಾಯ್ತು. ಒಂದು ಸಲ ಮುಖ ನೋಡ್ಬೇಕು. ಕ್ಯಾಸೆಟ್ಟಿದ್ರೆ ಕಳಿಸು. ಬೇರೇನೂ ಬೇಡ." ಅಷ್ಟೇ.

ನಮ್ಮೂರಿನೋನೊಬ್ಬ ಮಾರನೇ ದಿನವೇ ಶಾರ್ಜಾಕ್ಕೆ ಹೊರಟಿದ್ದ. ಕೋಳಿಕ್ಕೋಡ್ ವಿಮಾನ, ಬೆಳಗಿನ ಜಾವ ನಾಲ್ಕಕ್ಕೆ ಜೀಪು. ಅವನು ತಪ್ಪಿದ್ರೆ ಮತ್ತೆ ಇನ್ನಾರು ತಿಂಗಳು ಯಾರೂ ಹೋಗೋರಿಲ್ಲ. ತ್ರೇಸ್ಯಾ ಓಡಿ ಹೋಗಿ ಟ್ರಂಕು ತೆಗೆದ್ಲು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳೀ ಬೂಷ್ಟು... ಹಳೇ ಉಪ್ಪಿನಕಾಯಿ ಮೇಲೆ ಬರುತ್ತಲ್ಲ, ಅಂಥದ್ದು.

ಅದನ್ನ ತೆಗೆದಿದ್ದ ಸ್ಟುಡಿಯೋ ಸೈಮನ್ ಹತ್ರ ಓಡಿದ್ವಿ. ಅವನು ಬೆಳಕಿಗೆ ಹಿಡಿದು ನೋಡಿ, ನಮ್ಮ ಕಡೆ ಅಕ್ಕನನ್ನ ಕರೆಯೋ ಹಾಗೆ, "ಚೇಚ್ಚಿ, ಇದು ಇನ್ನೆರಡು ಸಲ ಓಡಿದ್ರೆ ಪುಣ್ಯ. ಕ್ಲೀನ್ ಮಾಡಿ ಕಾಪಿ ತೆಗೀಬೇಕು. ಒಂದು ವಾರ ಬಿಟ್ಟು ಬನ್ನಿ" ಅಂದ.

ಒಂದು ವಾರ ಎಲ್ಲಿದೆ? ಅದಕ್ಕೇ ರಪ್ಪಾಯಿ.

ರಪ್ಪಾಯಿ ಬಹರೇನಿಂದ ಬಂದೋನು. ಬರೋವಾಗ ಒಂದು ವಿಸಿಆರ್ ತಂದಿದ್ದ, ಅದಕ್ಕೆ ಎರಡು ಬಾಯಿ. ಎಡಗಡೆ ಬಾಯಿಗೆ ಹಳೇ ಕ್ಯಾಸೆಟ್ಟು, ಬಲಗಡೆ ಬಾಯಿಗೆ ಖಾಲಿ ಕ್ಯಾಸೆಟ್ಟು. ಒಂದು ಗುಂಡಿ ಒತ್ತಿದ್ರೆ ಇದರದ್ದು ಅದಕ್ಕೆ ಹೋಗುತ್ತೆ. ಅವನಿಗೂ ಊರಲ್ಲಿ ಅದೇ ಹೆಸರು ಬಿತ್ತು, ಎರಡು ಬಾಯಿ ರಪ್ಪಾಯಿ. ಸರಿಯಾಗೇ ಬಿತ್ತು. ಒಂದು ಬಾಯಿ ತಿನ್ನೋಕೆ, ಒಂದು ಬಾಯಿ ಕೊಚ್ಚಿಕೊಳ್ಳೋಕೆ.

ಅವತ್ತು ಸಂಜೆ ಚಹಾದಂಗಡೀಲಿ ಸೈಮನ್‌ಗೂ ಅವನಿಗೂ ಇದೇ ಜಗಳ ಆಗಿತ್ತು.

"ನನ್ನ ಮಿಷನ್ನಲ್ಲಿ ವೈರು ಒಳಗೇ ಇದೆ. ಹೊರಗಿನ ಗಾಳಿ ಸೋಕಲ್ಲ. ತಾಯಿ ಕ್ಯಾಸೆಟ್ಟಿಗೂ ಮಗಳು ಕಾಪಿಗೂ ವ್ಯತ್ಯಾಸ ಹೇಳು ನೋಡೋಣ," ಅಂತ ರಪ್ಪಾಯಿ.

"ವೈರು ಒಳಗಿದ್ರೇನು, ಹೊರಗಿದ್ರೇನು? ಹಳೇ ಟೇಪು ನಡುಗಿದ್ರೆ ಕಾಪಿ ಎರಡು ಪಟ್ಟು ನಡುಗುತ್ತೆ. ಕಾಪಿಯಿಂದ ಕಾಪಿ ತೆಗೆದ್ರೆ ಮುಖ ಹೋಗಿ ಮುದ್ದೆ ಆಗುತ್ತೆ. ಯಾವಾಗ್ಲೂ ತಾಯಿಯಿಂದಾನೇ ತೆಗೀಬೇಕು. ಅದನ್ನಾದ್ರೂ ನೆನಪಿಟ್ಕೋ," ಅಂತ ಸೈಮನ್.

"ಹೊಟ್ಟೆಕಿಚ್ಚು ನಿಂಗೆ."

"ನಂಗೆ ಹೊಟ್ಟೆಕಿಚ್ಚಲ್ಲ, ಆ ಹೆಂಗಸಿನ ಮೇಲೆ ಕನಿಕರ."

ರಪ್ಪಾಯಿ ರಾತ್ರಿ ಹನ್ನೊಂದಕ್ಕೆ ಬನ್ನಿ ಅಂದಿದ್ದ. ಸಂಜೆ ಎಲ್ರ ಮನೇಲೂ ದೀಪ, ಫ್ಯಾನು, ಟಿವಿ. ವೋಲ್ಟೇಜು ಏಳುತ್ತೆ ಬೀಳುತ್ತೆ, ಚಿತ್ರ ಕುಣಿಯುತ್ತೆ. ಊರು ಮಲಗಿದ್ಮೇಲೇ ಕರೆಂಟು ನೆಟ್ಟಗಿರುತ್ತೆ. ಹಾಗಾಗಿ ಆ ಓಣಿ, ಆ ಬಾವಿ, ಆ ಹೊತ್ತು.

ರಪ್ಪಾಯಿ ಹೆಂಡತಿ ತೌರಿಗೆ ಹೋಗಿದ್ಲು. ಅವನೇ ಹಾಲಿಲ್ಲದ ಚಹಾ ಮಾಡಿ ಕೊಟ್ಟ, ಕಷಾಯ ಇದ್ದಂಗಿತ್ತು. ಹತ್ತಿಗೆ ಸ್ಪಿರಿಟ್ ಹಾಕಿ ಬೂಷ್ಟು ಒರೆಸಿದ. ಕ್ಯಾಸೆಟ್ಟು ಎಡಗಡೆ ಬಾಯಿಗಿಟ್ಟ. ಕ್ಳಕ್. ಒಳಗೆ ಝ್ಝೀ ಅಂತ ಎಳ್ಕೊಂಡ್ತು. ಬಲಗಡೆ ಖಾಲಿದು. ಕ್ಳಕ್. ಝ್ಝೀ.

"ಎರಡು ತೆಗಿ," ಅಂದ್ಲು ತ್ರೇಸ್ಯಾ. "ಒಂದು ಅವನಿಗೆ. ಒಂದು ನಂಗೆ."

ಒಂದು ಗಂಟೆ ಕ್ಯಾಸೆಟ್ಟದು. ಕೂತು ನೋಡಿದ್ವಿ. ನಾನು ಅದನ್ನ ಹಿಂದೆ ಹತ್ತು ಸಲ ನೋಡಿದೀನಿ, ಯಾರ ಆಮೇಲೆ ಯಾರು ಬರ್ತಾರೆ ಅಂತ ಬಾಯಿಪಾಠ. ಕೊನೇಲಿ ಜಾನ್ಸಿ ಬಗ್ತಾಳೆ. ಎದ್ದೇಳ್ತಾಳೆ. ತಕ್ಷಣ ಪೈಲಿಯ ಕೈ, ಬಿಳೀ ಬಟ್ಟೆ, ಮುಖ ಮುಚ್ಚಿತು. ಗಂಟೆ, ಢಣ್. ಮುಗೀತು. ನಡುವೆ ಕಣ್ಣು ಮಿಟುಕಿಸೋಷ್ಟೂ ಹೊತ್ತಿಲ್ಲ. ಇದನ್ನ ನೆನಪಿಟ್ಕೊಳ್ಳಿ.

ಹನ್ನೆರಡಕ್ಕೆ ಮೊದಲ್ನೇ ಕಾಪಿ ಆಯ್ತು. ರಪ್ಪಾಯಿ ಅದನ್ನ ಓಡಿಸಿ ಕೊನೇ ಭಾಗ ಹಾಕಿ ತೋರಿಸ್ದ.

"ನೋಡಿ ಕ್ವಾಲಿಟಿ."

"ಏನು ನೋಡೋದು? ಜಾನ್ಸಿ ಮೂಗೆಲ್ಲಿ?" ಅಂದೆ.

ನಿಜ. ಎಲ್ರ ಮುಖವೂ ನೀರಲ್ಲಿ ನೆಂದ ಕಾಗದದ ಹಾಗಿತ್ತು. ಬಣ್ಣ ಅಂಚು ಬಿಟ್ಟು ಹರಿದಿತ್ತು. ಸೈಮನ್ ಹೇಳಿದ್ದೇ ಸರಿ. ಆದ್ರೆ... ಪೆಟ್ಟಿಗೆಯೊಳಗೆ ಲೋನಪ್ಪನ್ ಮುಖ ಮಾತ್ರ ನಿಚ್ಚಳ. ತಾಯಿ ಕ್ಯಾಸೆಟ್ಟಲ್ಲಿ ಇದ್ದದ್ದಕ್ಕಿಂತ ನಿಚ್ಚಳ.

ಜಾನ್ಸಿ ಎದ್ಲು. ಪೈಲಿಯ ಕೈ ಬಟ್ಟೆ ಹಿಡಿದು ಬಂತು.

ನಿಂತ್ತು.

ಒಂದು... ಎರಡು... ಮೂರು.

ಆಮೇಲೆ ಮುಚ್ತು.

ತ್ರೇಸ್ಯಾ ನನ್ನ ಮೊಣಕೈ ಹಿಡಿದ್ಲು. ರಪ್ಪಾಯಿ, "ಟೇಪು ಅಲ್ಲಿ ಎಳ್ದಿದೆ, ಹಳೇದಲ್ವಾ" ಅಂದ. ಅವನೂ ನೋಡಿದ್ದ.

ಎರಡನೇದಕ್ಕೆ ಮತ್ತೆ ತಾಯೀನೇ ಹಾಕ್ದ. ಎಲ್ಲ ಸರಿ ಹೋಗ್ತಿತ್ತು. ಜಾನ್ಸಿ ಬಗ್ಗೋ ಜಾಗಕ್ಕೆ ಬಂತು ನೋಡಿ... ಕುರ್ರ್. ಚರ್ರ್. ಟಕ್. ಟಿವಿ ತುಂಬ ಇರುವೆ ಮುತ್ತಿದ ಹಾಗೆ ಚುಕ್ಕಿ.

ರಪ್ಪಾಯಿ ಮುಚ್ಚಳ ಬಿಚ್ಚಿ ಟೇಪು ಎಳೆದ. ಕೋಳಿ ಕರುಳು ಎಳೆದ ಹಾಗೆ ಬಂತು. ಗೇಣುದ್ದ ಸುಕ್ಕಾಗಿ ಹರಿದು ಹೋಗಿತ್ತು. ಬೇರೆ ಎಲ್ಲೂ ಅಲ್ಲ, ಮುಖ ಇದ್ದ ಜಾಗವೇ.

"ತಾಯಿ ಹೋಯ್ತು ಚೇಚ್ಚಿ," ಅಂದ. ಎರಡು ಬಾಯಿಯೂ ಒಣಗಿತ್ತು ಅವನಿಗೆ.

ತ್ರೇಸ್ಯಾ ಅಳ್ಲಿಲ್ಲ. "ಮೊದಲ್ನೇದು ಇದೆಯಲ್ಲ. ಅದರಿಂದ ತೆಗಿ."

"ಕಾಪಿಯಿಂದ ಕಾಪಿ ತೆಗೆದ್ರೆ..." ಅಂತ ಅವನ ಬಾಯಲ್ಲೇ ಸೈಮನ್ ಮಾತು ಬಂತು.

"ತೆಗಿ."

ಒಂದು ಗಂಟೆಯಿಂದ ಎರಡು ಗಂಟೆ. ಹೊರಗೆ ಒಂದು ನಾಯಿ ಬೊಗಳಿ, ಅರ್ಧಕ್ಕೇ ನಿಲ್ಲಿಸ್ತು. ಮಿಷನ್ನು ಸ್ಸ್ಸ್ ಅಂತ ಓಡ್ತಾ ಇತ್ತು. ಯಾರೂ ಚಹಾ ಮುಟ್ಲಿಲ್ಲ.

ಎರಡನೇ ಕಾಪಿ ಹಾಕಿ ನೋಡಿದ್ವಿ. ಪಾದ್ರಿಯ ಗಡ್ಡ ಹೋಗಿತ್ತು. ಹೂವಿನ ಚಕ್ರಗಳು ಕೆಸರು ಮುದ್ದೆ. ಜಾನ್ಸಿ ಬರೀ ಬೂದಿ ಬಣ್ಣದ ನೆರಳು. ನಾನಂತೂ ಆ ಗುಂಪಲ್ಲಿ ನನ್ನನ್ನೇ ಹುಡುಕಿದೆ, ಸಿಗ್ಲಿಲ್ಲ. ಲೋನಪ್ಪನ್ ಮಾತ್ರ... ಗಲ್ಲದ ಮೇಲೆ ಎರಡು ದಿನದ ಕುರುಚಲು ಎಣಿಸ್ಬಹುದಿತ್ತು. ಹಣೆ ಮೇಲಿನ ಪೌಡರು ಕಾಣ್ತಿತ್ತು. ಕೆನ್ನೇಲಿ ಬಣ್ಣ ಇತ್ತು. ಸತ್ತೋರ ಮುಖ ಹಾಗಿರಲ್ಲ. ಯಾರಿಗೋ ಕಾದು ಕಾದು ಸುಸ್ತಾಗಿ ಕಣ್ಣು ಮುಚ್ಕೊಂಡು ಕೂರ್ತಾರಲ್ಲ, ಹಾಗಿತ್ತು.

ಬಟ್ಟೆ ಬಂತು. ನಿಂತ್ತು.

ನಾನು ಮನಸ್ಸಲ್ಲೇ ಎಣಿಸ್ದೆ. ಹತ್ತು. ಇಪ್ಪತ್ತು. ಮೂವತ್ತು. ಬಟ್ಟೆಯ ಅಂಚು ಸಣ್ಣಗೆ ಅಲ್ಲಾಡ್ತಿತ್ತು, ಹಿಡಿದೋನ ಕೈ ಸೋತ ಹಾಗೆ. ನಲವತ್ತೊಂದಕ್ಕೆ ಮುಚ್ತು.

"ಇದು ಮಿಷನ್ ತಪ್ಪಲ್ಲ," ಅಂತ ರಪ್ಪಾಯಿ ಪಿಸುಗುಟ್ಟಿದ. "ಚೇಚ್ಚಿ, ನನ್ನ ಮಿಷನ್ನು ಹೀಗೆ ಮಾಡಲ್ಲ. ಮೊದಲ್ನೇದು ತಗೊಂಡು ಹೋಗಿ ಕಳಿಸ್ಬಿಡಿ. ಸಾಕು."

"ಇನ್ನೊಂದು ಖಾಲಿ ಇದೆಯಾ?" ಅಂದ್ಲು ತ್ರೇಸ್ಯಾ.

"ಯಾಕೆ?"

"ಇದೆಯೋ ಇಲ್ವೋ?"

ಇತ್ತು. ಕೊನೇದು. ಎರಡನೇ ಕಾಪೀನ ಎಡಗಡೆ ಬಾಯಿಗಿಟ್ಟು ಗುಂಡಿ ಒತ್ತಿದ. ಮತ್ತೆ ಒಂದು ಗಂಟೆ. ನಾನು ಜಪಸರ ಹಿಡ್ಕೊಂಡೆ. ಎಷ್ಟು ಮಣಿ ಜಾರಿಸ್ದೆ ಅಂತ ಕೇಳ್ಬೇಡಿ, ಒಂದೇ ಮಣಿ ಹಿಡ್ಕೊಂಡು ಕೂತಿದ್ದೆ.

ಮೂರು ಗಂಟೆ ದಾಟಿ ಐದು ನಿಮಿಷಕ್ಕೆ ಮೂರನೇ ಕಾಪಿಯ ಕೊನೇ ಭಾಗ ಹಾಕಿದ್ವಿ.

ಜನವೇ ಇಲ್ಲ. ಹೊಗೆ ಅತ್ತಿತ್ತ ಓಡಾಡ್ತಿತ್ತು, ಅಷ್ಟೇ. ಹಾಡು ಗೊರಗೊರ ಸದ್ದಾಗಿತ್ತು. ಆ ಹೊಗೆ ನಡುವೆ ಲೋನಪ್ಪನ್ ಮುಖ... ಕಿಟಕಿ ಆಚೆ ನಿಂತು ನೋಡ್ದಷ್ಟು ಸ್ಪಷ್ಟ. ಮೇಲೆ ಬಿಳೀ ಬಟ್ಟೆ ತೂಗ್ತಿತ್ತು.

ಇಳೀಲಿಲ್ಲ.

ನಲವತ್ತೊಂದಾಯ್ತು. ನೂರಾಯ್ತು. ನಾನು ಎಣಿಸೋದು ಬಿಟ್ಟೆ. ಒಂದು ಗಂಟೆ ಕ್ಯಾಸೆಟ್ಟಿನ ಕಾಪಿ ಒಂದು ಗಂಟೆಗೆ ಮುಗೀಬೇಕಲ್ವಾ? ಮಿಷನ್ನಿನ ಕೆಂಪು ಅಂಕಿ ಒಂದು ಗಂಟೆ ದಾಟಿ ಓಡ್ತಾನೇ ಇತ್ತು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಮುಖ ಹಾಗೇ. ಬಟ್ಟೆ ಹಾಗೇ. ಗೊರಗೊರ ಸದ್ದೂ ನಿಂತ್ತು. ಕೋಣೇಲಿ ಮೂರು ಜನರ ಉಸಿರು ಮಾತ್ರ.

ಆಗ ಟಿವಿಯೊಳಗಿಂದ ಬಂತು.

"ಖ್ಹಂ."

ರಪ್ಪಾಯಿ ಕುರ್ಚಿ ಸಮೇತ ಹಿಂದಕ್ಕೆ ಹೋದ. ಬಾವಿ ಹತ್ರ ಬಾಕಿ ಉಳಿದಿತ್ತಲ್ಲ... ಅದೇ ಅದು.

"ನಿಲ್ಸು," ಅಂತ ನಾನು.

"ನಾನು ಮುಟ್ಟಲ್ಲ," ಅಂತ ರಪ್ಪಾಯಿ.

ತ್ರೇಸ್ಯಾ ಎದ್ಲು. ಟಿವಿ ಹತ್ರ ಹೋದ್ಲು. ಮುಖಕ್ಕೆ ಮುಖ ಕೊಟ್ಟು ನಿಂತ್ಲು, ದಿನಾ ಸಂಜೆ ಬಾಗ್ಲಲ್ಲಿ ನಿಲ್ತಿದ್ದ ಹಾಗೆ.

"ಸಿಟ್ಟಲ್ಲ ಕಣೇ ಮಾತಿರಿ," ಅಂದ್ಲು ಮೆಲ್ಲಗೆ. "ಸಿಟ್ಟು ಬಂದ್ರೆ ಇವ್ರ ಹುಬ್ಬು ಹೀಗಿರಲ್ಲ. ಮುಖ ಮುಚ್ಚಿಸ್ಕೊಳ್ತಿಲ್ಲ, ಅಷ್ಟೇ."

ಹೊರಗೆ ಶಾರ್ಜಾಕ್ಕೆ ಹೊರಟೋನ ಜೀಪಿನ ಹಾರನ್. ಪೀಂ, ಪೀಂ. ನಾಲ್ಕು ಗಂಟೆ.

ಅವಳೇ ಗುಂಡಿ ಒತ್ತಿದ್ಲು. ಕ್ಳಕ್. ಮೂರನೇ ಕ್ಯಾಸೆಟ್ಟು ಹೊರಗೆ ಬಂತು.

ರಪ್ಪಾಯಿ ಕೈ ಅಡ್ಡ ಹಿಡಿದ. "ಚೇಚ್ಚಿ, ತಲೆ ಕೆಟ್ಟಿದ್ಯಾ? ಅದನ್ನ ಕಳಿಸ್ಬೇಡಿ. ಹುಡುಗ ಒಬ್ಬನೇ ನೋಡಿ ಎದೆ ಒಡ್ಕೊಂಡು ಸಾಯ್ತಾನೆ. ಮೊದಲ್ನೇದು ಕಳಿಸಿ. ಅದ್ರಲ್ಲಿ ಎಲ್ರೂ ಸುಮಾರಾಗಿ ಕಾಣ್ತಾರೆ."

"ಅವನಿಗೆ ಎಲ್ರೂ ಬೇಡ," ಅಂದ್ಲು. "ಕೈ ತೆಗಿ."

ಸಂಜೆಯೇ ಕಟ್ಟಿ ಜೀಪಿಗೆ ಕೊಟ್ಟಿದ್ದ ಕರಿದ ಅಚ್ಚಪ್ಪದ ಡಬ್ಬಿ, ಮಾವಿನ ಉಪ್ಪಿನಕಾಯಿ, ಅದರ ಜೊತೆ ಆ ಕ್ಯಾಸೆಟ್ಟು. ಜೀಪು ಹೋಯ್ತು. ಅವಳು ರಸ್ತೇಲಿ ನಿಂತೇ ಇದ್ಲು, ನಾನು ಎಳ್ಕೊಂಡು ಬಂದೆ.

ಆಮೇಲೆ ಕಾಗದ ಇಲ್ಲ. ಒಂದು ತಿಂಗಳು, ಎರಡು ತಿಂಗಳು. ತ್ರೇಸ್ಯಾ ಊಟ ಬಿಟ್ಲು. "ನಾನೇ ಕೊಂದ್ನಾ ಮಾತಿರಿ?" ಅಂತ ಕೇಳ್ತಿದ್ಲು. ನಾನು ಬೈತಿದ್ದೆ, ಒಳಗೊಳಗೆ ನಂಗೂ ಅದೇ ಭಯ. ರಪ್ಪಾಯಿ ಮಿಷನ್ನು ಪಾಲಕ್ಕಾಡಿನೋನಿಗೆ ಮಾರಿ ಕೈ ತೊಳ್ಕೊಂಡ. ಯಾರಿಗೂ ಬಾಯಿ ಬಿಡಲ್ಲ ಅಂತ ನಾವು ಮೂರೂ ಜನ ಶಿಲುಬೆ ಮುಟ್ಟಿದ್ವಿ. ಅವನು ಕೂಡ ಬಿಡ್ಲಿಲ್ಲ ನೋಡಿ. ಅದೊಂದು ಪವಾಡ.

ಹನ್ನೊಂದನೇ ತಿಂಗಳಿಗೆ ಇನಾಸು ತಾನೇ ಬಂದ. ಒಂದು ಪೆಟ್ಟಿಗೆ ಹಿಡ್ಕೊಂಡು ಅಂಗಳದಲ್ಲಿ ನಿಂತ. ತ್ರೇಸ್ಯಾ ಮೊದಲು ಅವನ ಕಾಲು ನೋಡಿದ್ಲು, ನೆಲಕ್ಕೆ ತಾಗಿದ್ಯಾ ಅಂತ. ಆಮೇಲೆ ಅತ್ಲು.

ಅನ್ನ ಉಣ್ಣೋವಾಗ ಹೇಳ್ದ. ಹನ್ನೊಂದು ಜನ ಒಂದೇ ಕೋಣೇಲಿ ಇರೋದಂತೆ. ರಾತ್ರಿ ಪಾಳಿ ಮುಗಿಸಿ ಬಂದು, ನೀಲಿ ಕೆಲಸದ ಬಟ್ಟೆ ಕೂಡ ಬಿಚ್ಚದೆ, ಕಾಲಿನ ಮರಳೂ ಕೊಡವದೆ ಕ್ಯಾಸೆಟ್ಟು ಹಾಕ್ದನಂತೆ. ಮಿಕ್ಕವರು ಮಲಗಿದ್ರು.

"ಮುಖ ಮಾತ್ರ ಕಾಣ್ತು ಅಮ್ಮಾ. ನೋಡ್ಬೇಡ ಅಂದಿದ್ದ ಮುಖ."

"ಹೆದರಿದ್ಯಾ?" ಅಂತ ನಾನು ಕೇಳ್ದೆ.

"ಇಲ್ಲ ಚೇಚ್ಚಿ. ಎದ್ದು ಹೋಗಿ ಗಾಜಿಗೆ ಮುತ್ತು ಕೊಟ್ಟೆ. ತುಟಿಗೆ ಚಿಟಚಿಟ ಅಂತು. ಆಮೇಲೆ ಬಟ್ಟೆ ಇಳೀತು. ಗಂಟೆ ಹೊಡೀತು."

"ಎಷ್ಟು ಹೊತ್ತು ಆದ್ಮೇಲೆ?"

"ನಾನು ಅತ್ತು ಮುಗಿಸಿದ್ಮೇಲೆ."

ತ್ರೇಸ್ಯಾ ಅವತ್ತು ರಾತ್ರಿ ಹೊಟ್ಟೆ ತುಂಬ ಉಂಡ್ಲು.

ಇಲ್ಲಿಗೆ ನಿಲ್ಲಿಸಿದ್ರೆ ಚೆನ್ನಾಗಿತ್ತು. ನಂಗೆ ಬಾಯಿ ಸುಮ್ನಿರಲ್ಲ. ಹೋದ ಉಪವಾಸದ ಕಾಲದಲ್ಲಿ ಪೈಲಿ ಇಗರ್ಜಿ ಮೆಟ್ಟಿಲ ಮೇಲೆ ಕೂತು ದೀಪದ ಕಂಬಕ್ಕೆ ಹುಣಸೆಹಣ್ಣು ತಿಕ್ತಿದ್ದ. ಕ್ಯಾಸೆಟ್ಟಿನ ಸುದ್ದಿ ಅವನಿಗೆ ಏನೇನೂ ಗೊತ್ತಿಲ್ಲ. ನಾನು ಅಣ್ಣ ಅಂತ ಕರೆದು ಸುಮ್ನೆ ಕೇಳ್ದೆ, "ಪೈಲಿ ಚೇಟ್ಟಾ, ಲೋನಪ್ಪನ್‌ನ ಮಣ್ಣು ಮಾಡಿದ ದಿನ ನೆನಪಿದೆಯಾ?"

"ಯಾಕಿಲ್ಲ? ಈ ಭುಜ ಅವತ್ತು ಹಿಡ್ಕೊಂಡಿದ್ದು ಇವತ್ತಿಗೂ ಬಿಟ್ಟಿಲ್ಲ. ಎಲ್ರದ್ದೂ ಆಯ್ತು ಅಂತ ಬಟ್ಟೆ ಎತ್ತಿದೀನಿ, ಆಗ ಬಂದ ಆ ನೀಲಿ ಬಟ್ಟೆಯೋನು. ಮೈಯೆಲ್ಲ ಗ್ರೀಸು. ಯಾವ ವರ್ಕ್‌ಶಾಪಿನೋನೋ. ಬಗ್ದೋನು ಏಳ್ಲೇ ಇಲ್ಲ, ಮುಖವೂ ಕಾಣ್ಲಿಲ್ಲ. ಬಟ್ಟೆ ಹಿಡ್ಕೊಂಡು ನಿಂತೂ ನಿಂತೂ ಕೈ ಸೇದಿ ಹೋಯ್ತು. ಯಾರವನು, ನಿಮ್ಮ ಕಡೆಯೋನಾ?"

ನಾನು ಅವತ್ತು ಪೆಟ್ಟಿಗೆಯಿಂದ ಮೂರಡಿ ದೂರ ನಿಂತಿದ್ದೆ. ಜಾನ್ಸಿ ಆದ್ಮೇಲೆ ಯಾರೂ ಬರ್ಲಿಲ್ಲ. ಈ ಎರಡು ಕಣ್ಣಾಣೆ ಯಾರೂ ಬರ್ಲಿಲ್ಲ. ನಂಬೋರು ನಂಬಿ, ಬಿಡೋರು ಬಿಡಿ. ಪೈಲಿ ಇನ್ನೂ ಬದುಕಿದಾನೆ, ನಾಳೆ ಬೆಳಗ್ಗೆ ಹೋಗಿ ಕೇಳಿ. ನಾನು ಕಳಿಸ್ದೆ ಅಂತ ಮಾತ್ರ ಹೇಳ್ಬೇಡಿ.

ಅವನು ಇನ್ನೊಂದು ಮಾತು ಹೇಳ್ದ, ಕಂಬ ತಿಕ್ತಾ ತಿಕ್ತಾನೇ. ಅವತ್ತು ಜಡಿಮಳೆ. ಬಂದೋರ ಕಾಲಿಂದ ಇಗರ್ಜಿ ನೆಲವೆಲ್ಲ ಕೆಂಪು ಕೆಸರು. ಸಂಜೆ ಗುಡಿಸ್ದೋನು ಅವನೇ. ಪೆಟ್ಟಿಗೆ ಇಟ್ಟಿದ್ದ ಜಾಗದ ಪಕ್ಕ ಎರಡು ಹೆಜ್ಜೆಯಗಲ ನೆಲ ಒಣಗಿತ್ತಂತೆ. ಅಲ್ಲಿ ಕೆಸರಿರ್ಲಿಲ್ಲ. ಒಂದು ಹಿಡಿ ಬಿಳೀ ಮರಳಿತ್ತಂತೆ.